ಭಾರದ ಬಾಗಿಲಿಗೆ ಎಂಥ ಹಿಂಜ್ ಹಾಕಬೇಕು? ಇಳಿದ ಬಾಗಿಲನ್ನು ಸರಿಪಡಿಸುವುದು ಹೇಗೆ?

ಪ್ರಶ್ನೆ: ಹೊಸ್ತಿಲು

ಎಲ್ಲರಿಗೂ ನಮಸ್ಕಾರ. ನಮ್ಮ ಮಲಗುವ ಕೋಣೆಯ ಹಳೆಯ ಬಾಗಿಲು ತೀರಾ ತೆಳುವಾಗಿದ್ದುದರಿಂದ ಎಂಟು ತಿಂಗಳ ಹಿಂದೆ ಅದನ್ನು ತೆಗೆಸಿ, ತೇಗದ ಗಟ್ಟಿ ಬಾಗಿಲು ಮಾಡಿಸಿದೆವು. ಚೌಕಟ್ಟು ಹಳೆಯದೇ ಇದೆ. ಹಿಂಜುಗಳೂ ಹಳೆಯವೇ, ನಾಲ್ಕು ಇಂಚಿನ ಎರಡು ಕಬ್ಬಿಣದ ಹಿಂಜುಗಳು ಇನ್ನೂ ಚೆನ್ನಾಗಿಯೇ ಇವೆ ಎಂದು ಕೆಲಸಕ್ಕೆ ಬಂದವರು ಅವನ್ನೇ ಹಳೆಯ ತೂತುಗಳಿಗೆ ಮತ್ತೆ ಬಿಗಿದರು. ಬಾಗಿಲಿನ ಅಗಲ 900 ಮಿ.ಮೀ., ಎತ್ತರ 2100 ಮಿ.ಮೀ., ದಪ್ಪ 35 ಮಿ.ಮೀ. ಇದೆ.

ಮೊದಲ ಎರಡು ತಿಂಗಳು ಏನೂ ತೊಂದರೆ ಇರಲಿಲ್ಲ. ಈಗ ಚಿಲಕದ ಕಡೆಯ ಕೆಳಮೂಲೆ ನೆಲಕ್ಕೆ ಉಜ್ಜುತ್ತಿದ್ದು, ನೆಲದ ಮೇಲೆ ಕಾಲು ವೃತ್ತದಂತೆ ಗೀರು ಬಿದ್ದಿದೆ. ಚಿಲಕ ಹಾಕಬೇಕಾದರೆ ಹಿಡಿಯನ್ನು ತುಸು ಮೇಲಕ್ಕೆತ್ತಿ ಹಿಡಿಯಬೇಕು. ರಾತ್ರಿ ಬಾಗಿಲು ತೆರೆದರೆ ಮನೆಯವರೆಲ್ಲ ಎಚ್ಚರಗೊಳ್ಳುವಷ್ಟು ಕಿರುಗುಟ್ಟುತ್ತದೆ. ಅಡಿಯನ್ನು ಕೀಸುಳಿಯಿಂದ ಸ್ವಲ್ಪ ಕೀಸಿಬಿಡಿ ಎಂದು ಒಬ್ಬರು ಹೇಳುತ್ತಾರೆ, ದಪ್ಪ ಸ್ಕ್ರೂ ಹಾಕಿದರೆ ಸಾಕು ಎಂದು ಇನ್ನೊಬ್ಬರು. ಹಿಂಜುಗಳನ್ನೇ ಬದಲಿಸುವುದಾದರೆ ಎಷ್ಟು ದೊಡ್ಡದು, ಎಷ್ಟು ಸಂಖ್ಯೆಯಲ್ಲಿ, ಯಾವ ಲೋಹದ್ದು ಹಾಕಬೇಕು ಎಂಬುದು ನನ್ನ ಮುಖ್ಯ ಪ್ರಶ್ನೆ. ಜೊತೆಗೆ, ಸ್ನಾನದ ಮನೆಯ ಬಾಗಿಲಿನ ಹಿಂಜುಗಳಿಂದ ಚೌಕಟ್ಟಿನುದ್ದಕ್ಕೂ ಕೆಂಪು ತುಕ್ಕು ಇಳಿಯುತ್ತಿದೆ. ಅದಕ್ಕೂ ಉಪಾಯ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಉಳಿ ಸುತ್ತಿಗೆ

ದಯವಿಟ್ಟು ಬಾಗಿಲಿನ ಅಡಿಯನ್ನು ಕೀಸಬೇಡಿ. ದೋಷ ಇರುವುದು ಮೇಲಿನ ಹಿಂಜಿನಲ್ಲಿ. ಅದನ್ನು ಹಾಗೆಯೇ ಬಿಟ್ಟು ಕೆಳಗೆ ಕೀಸಿದರೆ ಬಾಗಿಲು ಕೆಲವು ತಿಂಗಳಲ್ಲಿ ಇನ್ನಷ್ಟು ಇಳಿದು ಮತ್ತೆ ಉಜ್ಜುತ್ತದೆ. ಮುಂದೊಂದು ದಿನ ಹಿಂಜನ್ನು ಸರಿಪಡಿಸಿ ಬಾಗಿಲನ್ನು ನೇರ ನಿಲ್ಲಿಸಿದಾಗ ಅಡಿಯಲ್ಲಿ ಓರೆಯಾದ ಸಂದು ಶಾಶ್ವತವಾಗಿ ಉಳಿದುಬಿಡುತ್ತದೆ. ನಾನು ಮರಗೆಲಸದವನು, ಹೀಗೆ ಕೀಸಿ ಕೆಡಿಸಿದ ಬಾಗಿಲುಗಳಿಗೆ ಪಟ್ಟಿ ಅಂಟಿಸಿಕೊಟ್ಟದ್ದು ಎಷ್ಟೋ ಸಲ.

ಮೊದಲು ತೂಕದ ಲೆಕ್ಕ ನೋಡೋಣ. ನೀವು ಕೊಟ್ಟ ಅಳತೆಯ ಪ್ರಕಾರ ಬಾಗಿಲಿನಲ್ಲಿರುವ ಮರ ಸುಮಾರು 0.066 ಘನ ಮೀಟರ್. ಒಣಗಿದ ತೇಗ ಘನ ಮೀಟರಿಗೆ ಹೆಚ್ಚುಕಡಿಮೆ 650 ಕೆ.ಜಿ. ತೂಗುವುದರಿಂದ ನಿಮ್ಮ ಬಾಗಿಲು ಸುಮಾರು 43 ಕೆ.ಜಿ. ಇರಬೇಕು. ಈ ತೂಕವೆಲ್ಲ ಬಾಗಿಲಿನ ನಡುಮಧ್ಯದಲ್ಲಿ, ಅಂದರೆ ಹಿಂಜಿನಿಂದ 450 ಮಿ.ಮೀ. ದೂರದಲ್ಲಿ ನೇತುಬಿದ್ದಿದೆ ಎಂದು ಭಾವಿಸಿಕೊಳ್ಳಿ. ಹಾಗಾಗಿ ಬಾಗಿಲು ಸದಾಕಾಲ ಚಿಲಕದ ಕಡೆಗೆ ವಾಲಲು ನೋಡುತ್ತಿರುತ್ತದೆ. ಕೆಳಗಿನ ಹಿಂಜನ್ನು ಚೌಕಟ್ಟಿನೊಳಕ್ಕೆ ಒತ್ತುತ್ತದೆ, ಮೇಲಿನ ಹಿಂಜನ್ನು ಹೊರಕ್ಕೆ ಕೀಳುತ್ತದೆ. ಎರಡು ಹಿಂಜುಗಳ ನಡುವಿನ ಅಂತರ ಒಂದೂವರೆ ಮೀಟರ್ ಇದ್ದರೆ, 43ನ್ನು 0.45ರಿಂದ ಗುಣಿಸಿ 1.5ರಿಂದ ಭಾಗಿಸಿದಾಗ ಬರುವ ಸುಮಾರು 13 ಕೆ.ಜಿ.ಯಷ್ಟು ಎಳೆತ ಮೇಲಿನ ಹಿಂಜಿನ ಮೇಲೆ ಹಗಲಿರುಳೂ ಇರುತ್ತದೆ. ಇಪ್ಪತ್ತು ಕೆ.ಜಿ. ತೂಕದ ಮಗುವೊಂದು ಹಿಡಿಗೆ ಜೋತುಬಿದ್ದು ಆಡಿದರೆ ಇನ್ನೊಂದು 11 ಕೆ.ಜಿ. ಸೇರಿ ಎಳೆತ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಅಗಲವಾದ ಬಾಗಿಲು ಎತ್ತರದ ಬಾಗಿಲಿಗಿಂತ ಹೆಚ್ಚು ಕಾಟ ಕೊಡುವುದು ಈ ಕಾರಣದಿಂದಲೇ.

ಇನ್ನೊಂದು ಸೂಕ್ಷ್ಮ ಸಂಗತಿಯಿದೆ. ಬಾಗಿಲು ಮುಚ್ಚಿರುವಾಗ ಈ ಎಳೆತ ಚೌಕಟ್ಟಿನ ಸ್ಕ್ರೂಗಳನ್ನು ನೇರವಾಗಿ, ಮೊಳೆ ಕೀಳುವ ಹಾಗೆ, ಹೊರಕ್ಕೆಳೆಯುತ್ತದೆ. ಬಾಗಿಲನ್ನು ಪೂರ್ತಿ ತೆರೆದಾಗ ಅದೇ ಎಳೆತ ಸ್ಕ್ರೂಗಳ ಮೇಲೆ ಅಡ್ಡಲಾಗಿ ಬೀಳುತ್ತದೆ. ಆದರೆ ಬಾಗಿಲಿನ ಅಂಚಿನಲ್ಲಿರುವ ಸ್ಕ್ರೂಗಳಿಗೆ ಮಾತ್ರ ಬಿಡುವಿಲ್ಲ. ಬಾಗಿಲು ಯಾವ ಸ್ಥಿತಿಯಲ್ಲಿದ್ದರೂ ಅವುಗಳ ಮೇಲೆ ಕೀಳುವ ಎಳೆತವೇ ಇರುತ್ತದೆ. ಆದ್ದರಿಂದ ಹಿಂಜಿನ ಲೋಹಕ್ಕಿಂತ ಮೊದಲು ಅದರ ಸ್ಕ್ರೂ ಯಾವ ಮರವನ್ನು, ಎಷ್ಟು ಆಳದವರೆಗೆ ಕಚ್ಚಿದೆ ಎಂಬುದನ್ನು ನೋಡಬೇಕು. ಹಳೆಯ ತೂತಿಗೇ ಹಳೆಯ ಸ್ಕ್ರೂ ಬಿಗಿದದ್ದೇ ನಿಮ್ಮ ತೊಂದರೆಯ ಮೂಲ ಎಂದು ನನ್ನ ಊಹೆ.

ಊಹೆಯನ್ನು ಹೀಗೆ ಪರೀಕ್ಷಿಸಿ. ಬಾಗಿಲನ್ನು ಒಂದು ಗೇಣು ತೆರೆದು, ಒಬ್ಬರು ಹಿಡಿಯ ಹತ್ತಿರ ಹಿಡಿದು ಮೇಲಕ್ಕೆತ್ತಿ ಇಳಿಸುತ್ತಿರಲಿ. ನೀವು ಏಣಿಯ ಮೇಲೆ ನಿಂತು ಮೇಲಿನ ಹಿಂಜನ್ನೇ ಹತ್ತಿರದಿಂದ ನೋಡಿ. ಹಿಂಜಿನ ರೆಕ್ಕೆ, ಅಂದರೆ ಸ್ಕ್ರೂ ಬಿಗಿಯುವ ಚಪ್ಪಟೆ ತಗಡು, ಮರವನ್ನು ಬಿಟ್ಟು ಕೂದಲೆಳೆಯಷ್ಟು ಎದ್ದು ಕೂರುತ್ತಿದ್ದರೆ ದೋಷ ಸ್ಕ್ರೂವಿನದು. ರೆಕ್ಕೆ ಅಲುಗದೆ, ನಡುವಿನ ಕೊಳವೆಯಲ್ಲಿ ಪಿನ್ನು ಆಡುತ್ತಿದ್ದರೆ ಹಿಂಜ್ ಸವೆದಿದೆ, ಬದಲಿಸಲೇಬೇಕು. ಎರಡೂ ಅಲುಗದಿದ್ದರೆ ಚೌಕಟ್ಟೇ ಗೋಡೆಯಿಂದ ಸಡಿಲಾಗಿದೆಯೇ ಎಂದು ತೂಗುಗುಂಡು ಇಳಿಬಿಟ್ಟು ನೋಡಬೇಕು.

ನಿಮ್ಮ ಬಾಗಿಲಿಗೆ ಎರಡು ಹಿಂಜುಗಳು ಸಾಲವು. ಒಂದೂವರೆ ಮೀಟರ್ ಎತ್ತರದವರೆಗೆ ಎರಡು, ಅಲ್ಲಿಂದ ಎರಡೂಕಾಲು ಮೀಟರಿನವರೆಗೆ ಮೂರು ಎಂಬುದು ರೂಢಿಯಲ್ಲಿರುವ ಲೆಕ್ಕ. ಗಾತ್ರ ಐದು ಇಂಚಿನದಿರಲಿ. ನಾಲ್ಕು ಇಂಚಿನದಾದರೂ ನಡೆದೀತು, ಆದರೆ ರೆಕ್ಕೆಯ ದಪ್ಪ 3 ಮಿ.ಮೀ. ಇರಲೇಬೇಕು. ಅಂಗಡಿಯಲ್ಲಿ ಜನ ಉದ್ದವನ್ನಷ್ಟೇ ಕೇಳುತ್ತಾರೆ, ದಪ್ಪವನ್ನು ಕೇಳುವವರು ಕಡಿಮೆ. ಹಿಂಜನ್ನು ಕೈಯಲ್ಲಿ ಹಿಡಿದು ಎರಡು ರೆಕ್ಕೆಗಳನ್ನು ವಿರುದ್ಧ ದಿಕ್ಕಿನಲ್ಲಿ ಮೇಲೆ ಕೆಳಗೆ ಅಲುಗಿಸಿ ನೋಡಿ. ಕೊಳವೆಯ ಗಂಟುಗಳ, ಅಂದರೆ ಒಂದರ ಮೇಲೊಂದು ಕೂರುವ ಅದರ ತುಂಡುಗಳ, ನಡುವೆ ಲಟಲಟ ಎಂದರೆ ಅಲ್ಲೇ ಬಿಟ್ಟು ಬನ್ನಿ. ದಿನಕ್ಕೆ ನೂರಾರು ಸಲ ತೆರೆದು ಮುಚ್ಚುವ ಬಾಗಿಲಾದರೆ ಗಂಟುಗಳ ನಡುವೆ ಬೇರಿಂಗ್ ಇರುವ ಹಿಂಜ್ ಒಳ್ಳೆಯದು. ಮಲಗುವ ಕೋಣೆಗೆ ಅದು ಅನಿವಾರ್ಯವಲ್ಲ.

ಹಿಂಜಿನ ಅಗಲವನ್ನೂ ಮರೆಯಬೇಡಿ. ಚೌಕಟ್ಟಿನ ಸುತ್ತ ಅಲಂಕಾರದ ಪಟ್ಟಿ ಹೊರಚಾಚಿದ್ದು, ಬಾಗಿಲು ಪೂರ್ತಿ ಗೋಡೆಗೆ ಒರಗಬೇಕೆಂದಿದ್ದರೆ, ಪಟ್ಟಿ ಚಾಚಿರುವುದರ ಅರ್ಧಕ್ಕಿಂತ ಹೆಚ್ಚು ದೂರಕ್ಕೆ ಪಿನ್ನು ಹೊರಗೆ ಬರಬೇಕು. ಇಲ್ಲವಾದರೆ ಬಾಗಿಲು ಪಟ್ಟಿಗೆ ತಾಗಿ ನಿಲ್ಲುತ್ತದೆ. ಗಾಳಿ ಅದನ್ನು ಇನ್ನಷ್ಟು ತಳ್ಳಿದಾಗ ಸ್ಕ್ರೂಗಳು ಸನ್ನೆಗೋಲಿನಿಂದ ಮೀಟಿದಂತೆ ಕಿತ್ತು ಬರುತ್ತವೆ.

ಕೆಲಸದ ವಿಧಾನ ಹೀಗಿದೆ. ಬಾಗಿಲಿನ ಅಡಿಗೆ ಬೆಣೆ ಕೊಟ್ಟು ತೂಕವನ್ನು ಅದರ ಮೇಲೆ ನಿಲ್ಲಿಸಿ, ಒಂದು ಸಲಕ್ಕೆ ಒಂದೇ ಹಿಂಜನ್ನು ಬಿಚ್ಚಿ. ಸಡಿಲಾದ ತೂತನ್ನು ಸ್ವಚ್ಛ ಮಾಡಿ, ಗಟ್ಟಿ ಮರದ ಸಣ್ಣ ಗೂಟವನ್ನು ಮರದ ಅಂಟಿನಲ್ಲಿ ಅದ್ದಿ ತೂತು ತುಂಬುವಂತೆ ಹೊಡೆದು, ಅಂಟು ಪೂರ್ತಿ ಒಣಗುವವರೆಗೆ ಒಂದು ದಿನ ಬಿಡಿ. ಬೆಂಕಿಕಡ್ಡಿ ತುರುಕುವುದು ಸಣ್ಣ ಬಾಗಿಲಿಗೆ ಸರಿ, 43 ಕೆ.ಜಿ.ಗೆ ಅದು ತಾಳುವುದಿಲ್ಲ. ಒಣಗಿದ ಮೇಲೆ ಗೂಟವನ್ನು ಅಂಚಿಗೆ ಸಮವಾಗಿ ಕೊಯ್ದು, ಸ್ಕ್ರೂವಿನ ಒಳದಿಂಡಿನಷ್ಟೇ (ಸುರುಳಿಯನ್ನು ಬಿಟ್ಟು ಉಳಿಯುವ ನಡುಭಾಗದಷ್ಟೇ) ದಪ್ಪದ ಹೊಸ ತೂತು ಕೊರೆಯಿರಿ, 4 ಮಿ.ಮೀ. ಸ್ಕ್ರೂವಿಗೆ ಎರಡೂವರೆಯಿಂದ 3 ಮಿ.ಮೀ. ತೂತು ಸರಿಹೋಗುತ್ತದೆ. ಮೇಲಿನ ಹಿಂಜಿಗೆ ಕನಿಷ್ಠ 50 ಮಿ.ಮೀ. ಉದ್ದದ ಸ್ಕ್ರೂ ಹಾಕಿ. ದಪ್ಪ ಸ್ಕ್ರೂ ಹಾಕಿದರೆ ಸಾಕು ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಅದರ ತಲೆ ಹಿಂಜಿನ ಗುಳಿಯಲ್ಲಿ ಕೂರದೆ ಉಬ್ಬಿ ನಿಲ್ಲುತ್ತದೆ. ಆಗ ಎರಡು ರೆಕ್ಕೆಗಳು ಒಂದರ ಮೇಲೊಂದು ಮುಚ್ಚಿಕೊಳ್ಳಲಾರದೆ, ಬಾಗಿಲು ಮುಚ್ಚುವಾಗಲೆಲ್ಲ ಸ್ಕ್ರೂಗಳನ್ನು ಮತ್ತೆ ಕೀಳುತ್ತದೆ.

ಹಿಂಜ್ ಕೂರುವ ಕಚ್ಚು ರೆಕ್ಕೆಯ ದಪ್ಪದಷ್ಟೇ ಆಳವಿರಬೇಕು. ಹೆಚ್ಚು ಆಳವಾದರೆ ಬಾಗಿಲು ಮುಚ್ಚುವ ಕೊನೆಯ ಎರಡು ಬೆರಳಿನಷ್ಟು ದೂರದಲ್ಲಿ ಸ್ಪ್ರಿಂಗಿನಂತೆ ಹಿಂದಕ್ಕೆ ತಳ್ಳುತ್ತದೆ. ಅಂಥಲ್ಲಿ ರೆಕ್ಕೆಯ ಹಿಂದೆ ರಟ್ಟಿನ ತುಂಡಿಟ್ಟು ಬಿಗಿದರೆ ಸರಿಹೋಗುತ್ತದೆ. ಮೇಲಿನ ಹಿಂಜನ್ನು ಸರಿಪಡಿಸಿದ ಮೇಲೂ ಚಿಲಕದ ಕಡೆ ಸ್ವಲ್ಪ ಇಳಿದೇ ಇದ್ದರೆ ಕೆಳಗಿನ ಹಿಂಜಿನ ಹಿಂದೆ ಇದೇ ರಟ್ಟನ್ನು ಕೊಡಿ. ಬಾಗಿಲಿನ ಬುಡ ಮುಂದಕ್ಕೆ ಸರಿದು ಚಿಲಕದ ಅಂಚು ಮೇಲಕ್ಕೇಳುತ್ತದೆ. ಕೊನೆಯದಾಗಿ, ಸ್ಕ್ರೂಗಳನ್ನು ಸುತ್ತಿಗೆಯಿಂದ ಹೊಡೆಯಲು ಯಾರಿಗೂ ಬಿಡಬೇಡಿ. ಮುಕ್ಕಾಲು ಭಾಗ ಹೊಡೆದು ಕೊನೆಯ ನಾಲ್ಕು ಸುತ್ತು ತಿರುಗಿಸುವ ಅಭ್ಯಾಸ ನಮ್ಮ ಕಸುಬಿನವರಲ್ಲೇ ಇದೆ. ಹೊಡೆದ ಸ್ಕ್ರೂ ಮರದ ಎಳೆಗಳನ್ನು ಹರಿದುಕೊಂಡು ಹೋಗುವುದರಿಂದ ಅದಕ್ಕೆ ಹಿಡಿತವೇ ಇರುವುದಿಲ್ಲ.

ಉತ್ತರ: ಲೋಹಾಸಕ್ತ

ಮರದ ವಿಷಯವನ್ನು ಮೇಲಿನವರು ಚೆನ್ನಾಗಿ ವಿವರಿಸಿದ್ದಾರೆ; ನಾನು ಲೋಹದ ಬಗ್ಗೆ ಮಾತ್ರ ಬರೆಯುತ್ತೇನೆ.

ಒಣ ಕೋಣೆಯ ಬಾಗಿಲಿಗೆ ಸತುವಿನ ಲೇಪವಿರುವ ಸಾಧಾರಣ ಉಕ್ಕಿನ ಹಿಂಜ್ ಸಾಕು, ಬಲಕ್ಕೆ ಅದೇನೂ ಕಡಿಮೆಯಲ್ಲ. ಸ್ನಾನದ ಮನೆಗೆ ಅದು ಹೊಂದುವುದಿಲ್ಲ. ಅಲ್ಲಿ ಲೇಪ ಮೊದಲು ಹೋಗುವುದು ಗಂಟುಗಳು ಒಂದಕ್ಕೊಂದು ಉಜ್ಜುವ ಜಾಗದಲ್ಲಿ ಮತ್ತು ಸ್ಕ್ರೂಡ್ರೈವರ್ ಜಾರಿ ಗೀಚಿದ ಜಾಗದಲ್ಲಿ. ನಿಮ್ಮ ಚೌಕಟ್ಟಿನ ಮೇಲಿನ ಕೆಂಪು ಗೆರೆ ಎಲ್ಲಿಂದ ಹೊರಡುತ್ತದೆ ಎಂದು ಗಮನಿಸಿದರೆ ಈ ಎರಡರಲ್ಲಿ ಒಂದು ಕಡೆಯಿಂದಲೇ ಇರುತ್ತದೆ.

ಅಲ್ಲಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಿ. ಸಮುದ್ರದ ಗಾಳಿ ಬೀಸುವ ಕಡೆಯಾದರೆ ಮಾಲಿಬ್ಡಿನಂ ಬೆರೆತ 316 ದರ್ಜೆಯೇ ಬೇಕು, ಏಕೆಂದರೆ ಉಪ್ಪಿನ ಅಂಶ 304ರ ಮೇಲೂ ಕಂದು ಚುಕ್ಕೆಗಳನ್ನು ಮೂಡಿಸುತ್ತದೆ. ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು "ನೋಡಿ, ಅಂಟುವುದಿಲ್ಲ, ಅಸಲಿ ಸ್ಟೀಲು" ಎಂದು ತೋರಿಸುವುದುಂಟು. ಆ ಪರೀಕ್ಷೆ ಅರ್ಧ ಸತ್ಯ. ಬಲವಾಗಿ ಅಂಟಿಕೊಂಡರೆ ಅದು 304 ಅಲ್ಲ ಎಂದು ಹೇಳಬಹುದು. ಆದರೆ ನಿಕಲ್ ಕಡಿಮೆಯಿರುವ 200ರ ಸರಣಿಯ ಸ್ಟೀಲಿಗೂ ಅಯಸ್ಕಾಂತ ಅಂಟುವುದಿಲ್ಲ, ಅದು ತೇವದಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಆದ್ದರಿಂದ ರೆಕ್ಕೆಯ ಮೇಲೆ ಅಥವಾ ಪೆಟ್ಟಿಗೆಯ ಮೇಲೆ ದರ್ಜೆ ನಮೂದಾಗಿರುವುದನ್ನೇ ಕೊಳ್ಳುವುದು ಕ್ಷೇಮ.

ಹಿತ್ತಾಳೆಗೆ ಕೆಂಪು ತುಕ್ಕು ಹಿಡಿಯುವುದಿಲ್ಲ, ನೋಡಲೂ ಚೆಂದ. ಆದರೆ ಅದು ಮೆದು ಲೋಹವಾದ್ದರಿಂದ ಭಾರದ ಬಾಗಿಲಿನಲ್ಲಿ ಗಂಟುಗಳು ಸವೆಯುತ್ತವೆ. ಗಂಟುಗಳ ನಡುವೆ ಸ್ಟೀಲಿನ ವಾಷರ್ ಇರುವಂಥದ್ದನ್ನು ಆರಿಸಿಕೊಳ್ಳಬೇಕು. ಹಿತ್ತಾಳೆಯ ಸ್ಕ್ರೂವನ್ನು ಗಟ್ಟಿ ಮರಕ್ಕೆ ನೇರವಾಗಿ ತಿರುಗಿಸಿದರೆ ಅದರ ತಲೆ ಮುರಿದು ಕೈಗೆ ಬರುತ್ತದೆ. ಅದೇ ಅಳತೆಯ ಉಕ್ಕಿನ ಸ್ಕ್ರೂವನ್ನು ಮೊದಲು ತಿರುಗಿಸಿ ದಾರಿ ಮಾಡಿ, ಅದನ್ನು ತೆಗೆದು ಹಿತ್ತಾಳೆಯದನ್ನು ಹಾಕುವುದು ಹಳೆಯ ಕ್ರಮ.

ಯಾವ ಲೋಹದ ಹಿಂಜೋ ಅದೇ ಲೋಹದ ಸ್ಕ್ರೂ ಇರಲಿ ಎಂಬುದನ್ನು ಒತ್ತಿ ಹೇಳುತ್ತೇನೆ. ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಹಿಂಜಿಗೆ ಸಾದಾ ಕಬ್ಬಿಣದ ಸ್ಕ್ರೂ ಹಾಕಿದರೆ, ತೇವ ತಾಗಿದ ಕೂಡಲೇ ಎರಡು ಲೋಹಗಳ ನಡುವೆ ಸಣ್ಣ ಬ್ಯಾಟರಿಯಲ್ಲಿ ನಡೆಯುವಂಥ ಕ್ರಿಯೆ ಶುರುವಾಗಿ ಕಬ್ಬಿಣ ಕರಗತೊಡಗುತ್ತದೆ. ದೊಡ್ಡ ಹಿಂಜು, ಪುಟ್ಟ ಸ್ಕ್ರೂ ಆದ್ದರಿಂದ ಕೊರೆತವೆಲ್ಲ ಸ್ಕ್ರೂವಿನ ಮೇಲೇ ಬೀಳುತ್ತದೆ. ನಮ್ಮ ಮನೆಯಲ್ಲೇ ಹೀಗಾಗಿತ್ತು. ಹಿಂಜ್ ಕನ್ನಡಿಯಂತೆ ಹೊಳೆಯುತ್ತಿದ್ದಾಗಲೇ ಬಾಗಿಲು ಒಂದು ಬೆಳಿಗ್ಗೆ ಕೈಗೆ ಬಂತು. ತೆಗೆದು ನೋಡಿದರೆ ಸ್ಕ್ರೂಗಳ ತಲೆ ಮಾತ್ರ ಉಳಿದು, ದಿಂಡು ಪುಡಿಯಾಗಿತ್ತು.

ಉತ್ತರ: ಹಳೇ ಮನೆ

ಕಿರುಗುಟ್ಟುವುದರ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನನ್ನ ಅನುಭವ ಹೇಳುತ್ತೇನೆ. ನಾನು ವರ್ಷಗಟ್ಟಲೆ ಅಡುಗೆ ಎಣ್ಣೆಯನ್ನೇ ಹಿಂಜಿಗೆ ಬಿಡುತ್ತಿದ್ದೆ. ಎಣ್ಣೆ ಬಿಟ್ಟ ದಿನ ಸದ್ದು ನಿಲ್ಲುತ್ತದೆ, ಅದರಲ್ಲಿ ಸುಳ್ಳಿಲ್ಲ. ಆದರೆ ಬೀಜದ ಎಣ್ಣೆಗಳು ಗಾಳಿಗೆ ಒಡ್ಡಿಕೊಂಡು ಅಂಟಂಟಾಗುತ್ತವೆ, ಧೂಳನ್ನು ಹಿಡಿದುಕೊಳ್ಳುತ್ತವೆ. ಕೊನೆಗೆ ಪಿನ್ನಿನ ಸುತ್ತ ಕಪ್ಪು ಮೇಣದಂಥ ಪದರ ಕಟ್ಟಿ, ಬಾಗಿಲು ಮೊದಲಿಗಿಂತ ಬಿಗಿಯಾಯಿತು.

ಈಗ ವರ್ಷಕ್ಕೊಮ್ಮೆ ಪಿನ್ನನ್ನೇ ಹೊರತೆಗೆದು ಒರೆಸುತ್ತೇನೆ. ಪಿನ್ನು ತೆಗೆಯಲು ಬರುವ ಹಿಂಜುಗಳಲ್ಲಿ ಮಾತ್ರ ಇದು ಸಾಧ್ಯ. ಬಾಗಿಲನ್ನು ಮುಚ್ಚಿ ಅಡಿಗೆ ಬೆಣೆ ಕೊಟ್ಟುಕೊಂಡು, ಕೆಳಗಿನ ಹಿಂಜಿನಿಂದ ಆರಂಭಿಸಿ, ಒಂದರ ಪಿನ್ನನ್ನು ತೆಗೆದು ಹಾಕಿದ ಮೇಲೆಯೇ ಇನ್ನೊಂದಕ್ಕೆ ಕೈಹಾಕಬೇಕು. ಪಿನ್ನಿನ ಮೇಲಿನ ಕಿಲುಬನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿ, ಕೊಳವೆಯ ಒಳಗನ್ನು ಬಟ್ಟೆ ಸುತ್ತಿದ ಕಡ್ಡಿಯಿಂದ ಒರೆಸಿ, ಪಿನ್ನಿಗೆ ತೆಳುವಾಗಿ ಗ್ರೀಸ್ ಅಥವಾ ಪೆಟ್ರೋಲಿಯಂ ಜೆಲ್ಲಿ ಸವರಿ ಮತ್ತೆ ಕೂರಿಸುತ್ತೇನೆ. ಪಿನ್ನು ಬಾರದ ಹಿಂಜಿಗೆ ಹೊಲಿಗೆ ಯಂತ್ರದ ಎಣ್ಣೆಯನ್ನು ಎರಡು ಹನಿ ಬಿಟ್ಟು, ಬಾಗಿಲನ್ನು ಹತ್ತಾರು ಸಲ ಆಡಿಸಿ, ಹೊರಬಂದ ಕಪ್ಪು ರಸವನ್ನು ಒರೆಸಿದರಾಯಿತು. ತುಕ್ಕು ಬಿಡಿಸಲು ಮಾರುವ ಸಿಂಪಡಣೆಯ ಎಣ್ಣೆ ಬಿಗಿದುಕೊಂಡ ಪಿನ್ನನ್ನು ಸಡಿಲಿಸುತ್ತದೆ ನಿಜ. ಆದರೆ ಅದು ತೆಳುವಾಗಿ ಬೇಗ ಆರಿಹೋಗುವುದರಿಂದ ಅದರ ಮೇಲೆ ಗ್ರೀಸ್ ಬೇಕೇ ಬೇಕು.

ಒಂದು ಎಚ್ಚರಿಕೆ: ಹೊರಕ್ಕೆ ತೆರೆಯುವ ಹೊರಬಾಗಿಲಿಗೆ ಹೀಗೆ ಪಿನ್ನು ತೆಗೆಯಲು ಬರುವ ಹಿಂಜನ್ನು ಹಾಕಲೇಬಾರದು. ಪಿನ್ನು ಹೊರಗಡೆ ಇರುವುದರಿಂದ ಒಳಗೆ ಎಷ್ಟು ಅಗುಳಿ ಹಾಕಿದ್ದರೂ ಕಳ್ಳನಿಗೆ ಒಂದು ಮೊಳೆ ಮತ್ತು ಸುತ್ತಿಗೆ ಸಾಕು.

ಮೇಲಿನವರಿಗೆ ಒಂದು ಪ್ರಶ್ನೆ: ಮೂರನೆಯ ಹಿಂಜನ್ನು ನಟ್ಟನಡುವೆ ಹಾಕಬೇಕೇ, ಮೇಲಿನದರ ಹತ್ತಿರವೇ? ನಮ್ಮಲ್ಲಿಗೆ ಬಂದ ಇಬ್ಬರು ಎರಡು ಬಗೆಯಾಗಿ ಹೇಳಿದರು.

ಉತ್ತರ: ಉಳಿ ಸುತ್ತಿಗೆ

ಇಬ್ಬರು ಹೇಳಿದ್ದೂ ಸರಿ, ಕಾರಣಗಳು ಬೇರೆ. ನಡುವಿನ ಹಿಂಜ್ ತೂಕವನ್ನು ಹೊರುವುದರಲ್ಲಿ ಅಷ್ಟಾಗಿ ನೆರವಾಗುವುದಿಲ್ಲ. ಆದರೆ ಬಾಗಿಲಿನ ಅಂಚು ಮಳೆಗಾಲ, ಬೇಸಿಗೆಗಳಲ್ಲಿ ಬಿಲ್ಲಿನಂತೆ ಬಾಗದ ಹಾಗೆ ಹಿಡಿದಿಡುತ್ತದೆ. ಮೇಲಿನದಕ್ಕಿಂತ 200ರಿಂದ 300 ಮಿ.ಮೀ. ಕೆಳಗೆ ಹಾಕಿದ ಹಿಂಜ್ ಕೀಳುವ ಎಳೆತವನ್ನು ಹಂಚಿಕೊಳ್ಳುತ್ತದೆ. ಹದವಾಗಿ ಒಣಗದ ಮರದ ಬಾಗಿಲಾದರೆ ನಾನು ನಡುವೆ ಹಾಕುತ್ತೇನೆ. ತಾನೇ ಮುಚ್ಚಿಸುವ ಯಂತ್ರವಿರುವ ಅಥವಾ ತೀರಾ ಭಾರವಿರುವ ಬಾಗಿಲಾದರೆ ಮೇಲಕ್ಕೆ ಹಾಕುತ್ತೇನೆ. ಪ್ರಶ್ನೆ ಕೇಳಿದವರ ಬಾಗಿಲಿಗೆ ನಡುವೆಯೇ ಸಾಕು ಎಂಬುದು ನನ್ನ ಅಭಿಪ್ರಾಯ. ಹಿಂಜ್ ಎಲ್ಲಿದ್ದರೂ ಮೂರರ ಪಿನ್ನುಗಳೂ ಒಂದೇ ನೇರದಲ್ಲಿರಬೇಕು. ಒಂದು ಅರ್ಧ ಮಿ.ಮೀ. ಹೊರಬಂದರೂ ಅವು ಒಂದನ್ನೊಂದು ಎಳೆದಾಡುತ್ತವೆ. ಎಣ್ಣೆ ಬಿಟ್ಟರೂ ನಿಲ್ಲದ ಕಿರುಗುಟ್ಟುವಿಕೆಗೆ ಅನೇಕ ವೇಳೆ ಇದೇ ಕಾರಣ. ಮೇಲಿಂದ ಕೆಳಕ್ಕೆ ದಾರ ಹಿಡಿದು ನೋಡಿದರೆ ತಿಳಿಯುತ್ತದೆ.

ಮರುಬರಹ: ಹೊಸ್ತಿಲು

ಎಲ್ಲರಿಗೂ ಕೃತಜ್ಞತೆಗಳು. ನೀವು ಹೇಳಿದಂತೆ ಏಣಿ ಹತ್ತಿ ನೋಡಿದೆ. ಮಗಳು ಬಾಗಿಲನ್ನು ಎತ್ತಿ ಇಳಿಸಿದಾಗ ಮೇಲಿನ ಹಿಂಜಿನ ಚೌಕಟ್ಟಿನ ಕಡೆಯ ರೆಕ್ಕೆ ಉಗುರಿನಷ್ಟು ದಪ್ಪ ಎದ್ದು ಕೂರುತ್ತಿತ್ತು. ನಾಲ್ಕು ಸ್ಕ್ರೂಗಳಲ್ಲಿ ಎರಡು ಬೆರಳಿನಿಂದಲೇ ತಿರುಗಿದವು. ಒಂದನ್ನು ಹೊರತೆಗೆದಾಗ ಅದರ ಸುರುಳಿಯ ತುಂಬ ಮರದ ಪುಡಿ ಕಚ್ಚಿಕೊಂಡಿತ್ತು, ಉದ್ದ 25 ಮಿ.ಮೀ. ಮಾತ್ರ.

ಕಳೆದ ವಾರ ಗೂಟ ಹೊಡೆದು, ಮರುದಿನ 3 ಮಿ.ಮೀ. ದಪ್ಪದ ಐದು ಇಂಚಿನ ಮೂರು ಹಿಂಜುಗಳನ್ನು ಹಾಕಿಸಿದೆವು. ಹಳೆಯ ಕಚ್ಚುಗಳನ್ನು ಉಳಿಯಿಂದ ಉದ್ದ ಮಾಡುವಾಗ ಕೆಳಗಿನದು ತುಸು ಆಳವಾಯಿತು, ಬಾಗಿಲು ಹಿಂದಕ್ಕೆ ತಳ್ಳತೊಡಗಿತು. ಹಿಂಜ್ ಬಂದ ಪೆಟ್ಟಿಗೆಯ ರಟ್ಟನ್ನೇ ಕತ್ತರಿಸಿ ಹಿಂದೆ ಕೊಟ್ಟಾಗ ಸರಿಹೋಯಿತು. ಈಗ ಸುತ್ತಲೂ 3 ಮಿ.ಮೀ. ಸಂದು ಸಮನಾಗಿದೆ, ಚಿಲಕ ಒಂದೇ ಬೆರಳಿಗೆ ಬೀಳುತ್ತದೆ. ಸ್ನಾನದ ಮನೆಗೆ 304 ಎಂದು ಅಚ್ಚಾಗಿರುವ ಹಿಂಜುಗಳನ್ನೂ ಅದೇ ದರ್ಜೆಯ ಸ್ಕ್ರೂಗಳನ್ನೂ ತಂದಿಟ್ಟಿದ್ದೇನೆ.

ಒಂದು ವಿಚಿತ್ರ ಮಾತ್ರ ಉಳಿದಿದೆ. ಬಾಗಿಲನ್ನು ಅರ್ಧ ತೆರೆದು ಬಿಟ್ಟರೆ ಅದು ತಾನಾಗಿಯೇ ನಿಧಾನವಾಗಿ ಪೂರ್ತಿ ತೆರೆದುಕೊಳ್ಳುತ್ತದೆ. ಹಿಂದೆ ನೆಲಕ್ಕೆ ಉಜ್ಜುತ್ತಿದ್ದುದರಿಂದ ಇದು ಗೊತ್ತಾಗುತ್ತಿರಲಿಲ್ಲ.

ಉತ್ತರ: ಉಳಿ ಸುತ್ತಿಗೆ

ನಿಮ್ಮ ಚೌಕಟ್ಟು ಬಾಗಿಲು ತೆರೆಯುವ ಕಡೆಗೆ ಒಂದೆರಡು ಮಿ.ಮೀ. ವಾಲಿದೆ, ಅಷ್ಟೇ. ಅದಕ್ಕಾಗಿ ಚೌಕಟ್ಟನ್ನು ಕೀಳುವುದು ಬೇಡ. ಪಿನ್ನು ತೆಗೆಯಲು ಬರುವ ಹಿಂಜಾಗಿದ್ದರೆ, ನಡುವಿನ ಹಿಂಜಿನ ಪಿನ್ನನ್ನು ಹೊರತೆಗೆದು, ಕಲ್ಲಿನ ಮೇಲೆ ಅಡ್ಡ ಇಟ್ಟು ಮಧ್ಯಕ್ಕೆ ಸುತ್ತಿಗೆಯಿಂದ ಒಂದೇ ಒಂದು ಮೆಲುಪೆಟ್ಟು ಹಾಕಿ ಮತ್ತೆ ಕೂರಿಸಿ. ಕಣ್ಣಿಗೆ ಕಾಣದಷ್ಟು ಬಾಗಿದ ಪಿನ್ನು ಕೊಳವೆಯೊಳಗೆ ತುಸು ಬಿಗಿ ಹಿಡಿಯುವುದರಿಂದ ಬಾಗಿಲು ಬಿಟ್ಟಲ್ಲೇ ನಿಲ್ಲುತ್ತದೆ. ಮೊದಲ ಪೆಟ್ಟಿಗೆ ನಿಲ್ಲದಿದ್ದರೆ ಇನ್ನೊಂದು ಪೆಟ್ಟು ಹಾಕಿ ನೋಡಿ. ಮೇಲಿನ ಹಿಂಜನ್ನು ಮಾತ್ರ ಮುಟ್ಟಬೇಡಿ.